ಹಗಲು ಹೊತ್ತು ಊರಲ್ಲಿ ಯಾರಿರುತ್ತಾರೆ?

ಮನೆ ಹಿಂದಿನ ಹುಲ್ಲುಗಾವಲಿಗೆ ಬೆಂಕಿ ಬಿದ್ದ ಮಧ್ಯಾಹ್ನ ನಾನು ಮನೆಯಲ್ಲೇ ಕೂತು ಆಫೀಸ್ ಕೆಲಸ ಮಾಡುತ್ತಿದ್ದೆ. ಜನವರಿ ತಿಂಗಳು. ಆಸ್ಟ್ರೇಲಿಯಾದಲ್ಲಿ ಅದು ಕಡು ಬೇಸಿಗೆ. ಹೊಗೆ ಕಂಡು ಇಲ್ಲಿನ ತುರ್ತು ನಂಬರ್ 000ಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಕೆಂಪು ಲಾರಿ ಬಂತು. ಅದರಿಂದ ಇಳಿದವರಲ್ಲಿ ಒಬ್ಬರು ನಮ್ಮ ಮನೆಯ ನಲ್ಲಿ ರಿಪೇರಿ ಮಾಡಿದ್ದ ಪ್ಲಂಬರ್. ಇನ್ನೊಬ್ಬರು ಹಸು ಸಾಕುವ, ಎಪ್ಪತ್ತರ ಹತ್ತಿರದ ಅಜ್ಜ. ಮೂರನೆಯವರು ಮಗಳ ಶಾಲೆ ಗೇಟಿನ ಹತ್ತಿರ ನಾನು ದಿನಾ ನೋಡುತ್ತಿದ್ದ ಒಬ್ಬ ತಾಯಿ. ಮೂವರೂ ಹಳದಿ ಕೋಟು ಹಾಕಿಕೊಂಡಿದ್ದರು. ನಲವತ್ತು ನಿಮಿಷದಲ್ಲಿ ಬೆಂಕಿ ಆರಿಸಿ, ಬೇಲಿ ಕಂಬಗಳ ಬುಡ ಕೆದಕಿ ನೋಡಿ, ಹೊರಟರು.

ಸಂಜೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. "ಅವರಿಗೆ ಸಂಬಳ ಎಷ್ಟು?" ಅಂತ ಕೇಳಿದರು. "ಸಂಬಳ ಇಲ್ಲಮ್ಮಾ, ಸುಮ್ನೆ ಮಾಡ್ತಾರೆ" ಅಂದೆ. "ಸುಮ್ನೆ ಯಾರು ಬೆಂಕಿಗೆ ಹೋಗ್ತಾರೆ?" ಅಂದರು ಅಮ್ಮ. ಆ ಪ್ರಶ್ನೆಯನ್ನು ಇಟ್ಟುಕೊಂಡೇ ಮುಂದಿನ ಸೋಮವಾರ ರಾತ್ರಿ ಊರಿನ ಅಗ್ನಿಶಾಮಕ ದಳದ ಶೆಡ್ಡಿಗೆ ಹೋದೆ.

ನಾವಿರುವುದು ವಿಕ್ಟೋರಿಯಾ ರಾಜ್ಯದ ಡ್ರೂಯಿನ್‌ನಲ್ಲಿ. ಮೆಲ್ಬರ್ನ್‌ನಿಂದ ಪೂರ್ವಕ್ಕೆ ನೂರು ಕಿಲೋಮೀಟರ್ ಒಳಗೆ. ಸುತ್ತ ಹಸಿರು ಗುಡ್ಡ, ಹಾಲಿನ ಫಾರ್ಮುಗಳು. ಆ ಫಾರ್ಮುಗಳೇ ಒಂದೊಂದಾಗಿ ಲೇಔಟ್ ಆಗುತ್ತಿವೆ. ನಮ್ಮದೂ ಅಂಥದ್ದೇ ಒಂದು ಲೇಔಟಿನ ಮನೆ. ನಗರದಲ್ಲಿ ಮನೆ ಕೊಳ್ಳಲಾಗದವರು ಇಲ್ಲಿ ಕೊಂಡು, ರೈಲಲ್ಲಿ ಸುಮಾರು ಒಂದೂವರೆ ಗಂಟೆ ಕೂತು ಕೆಲಸಕ್ಕೆ ಹೋಗುತ್ತಾರೆ.

ಇಲ್ಲಿನ ಹಳ್ಳಿ ಪಟ್ಟಣಗಳಲ್ಲಿ ಬೆಂಕಿ ಆರಿಸುವುದು ಸಿಎಫ್ಎ (ಕಂಟ್ರಿ ಫೈರ್ ಅಥಾರಿಟಿ) ಅನ್ನುವ ಸಂಸ್ಥೆ. 1939ರ ಜನವರಿ 13ರ ಕಾಡ್ಗಿಚ್ಚಿನಲ್ಲಿ 71 ಜನ ಸತ್ತರು. ಆಮೇಲೆ 1944ರಲ್ಲಿ ಮತ್ತೆ ದೊಡ್ಡ ಬೆಂಕಿ. 1945ರಲ್ಲಿ ಈ ಸಂಸ್ಥೆ ಶುರುವಾಯಿತು. ಇವತ್ತು ರಾಜ್ಯದ ತುಂಬ ಸುಮಾರು 1,200 ದಳಗಳಿವೆ. ಬೆಂಕಿಗೆ ಹೋಗುವವರು ಊರಿನವರೇ. ಕ್ಯಾಪ್ಟನ್ ಯಾರಾಗಬೇಕು ಅಂತ ದಳದವರೇ ಓಟು ಹಾಕಿ ಆರಿಸುತ್ತಾರೆ.

ಮೊದಲ ರಾತ್ರಿ ನನ್ನ ಕೈಗೆ ಕೊಟ್ಟಿದ್ದು ಒಂದು ಒದ್ದೆ ಪೈಪು. ಸುತ್ತಿ ಅಂದರು. ಸುತ್ತಿದೆ. ಬಿಚ್ಚಿ, ಮತ್ತೆ ಸುತ್ತಿ ಅಂದರು. ಒಳಗೆ ಒಂದು ಹನಿ ನೀರು, ಒಂದು ಗಾಳಿ ಗುಳ್ಳೆ ಉಳಿಯಬಾರದು. ಎರಡು ತುದಿ ಸರಿಯಾಗಿ ಹೊರಗೆ ಬರಬೇಕು, ಕತ್ತಲಲ್ಲೂ ಕೈಗೆ ಸಿಗುವ ಹಾಗೆ. ಮಂಡಿಯೂರಿ ಕೂತು ಆರು ಸಲ ಸುತ್ತಿದ ಮೇಲೆ ಆ ಅಜ್ಜ ಬಂದು ಬೆರಳಿನಿಂದ ಒತ್ತಿ ನೋಡಿ, ತಲೆಯಾಡಿಸಿದರು. ಆ ಖುಷಿ ಇನ್ನೂ ನೆನಪಿದೆ.

ಆಮೇಲೆ ಗಾಳಿಯ ಪಾಠ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ ಅದೇ. ಇಲ್ಲಿ ಬಿಸಿ ಗಾಳಿ ಬೀಸುವುದು ಉತ್ತರದ ಮರುಭೂಮಿ ಕಡೆಯಿಂದ. ಬೆಂಕಿ ದಕ್ಷಿಣಕ್ಕೆ ಓಡುತ್ತದೆ, ಉದ್ದಕ್ಕೆ, ಸಣ್ಣಗೆ. ಸಂಜೆ ಹೊತ್ತಿಗೆ ನೈಋತ್ಯದಿಂದ ತಂಪು ಗಾಳಿ ಬರುತ್ತದೆ. ಜನಕ್ಕೆ ಹಾಯಿ ಅನಿಸುವ ಹೊತ್ತು ಅದು. ಆದರೆ ಅಲ್ಲಿಯವರೆಗೆ ಬೆಂಕಿಯ ಪಕ್ಕೆಯಾಗಿದ್ದದ್ದು ತಟ್ಟನೆ ತಲೆಯಾಗುತ್ತದೆ. ಉದ್ದ ಇದ್ದದ್ದೆಲ್ಲ ಅಗಲವಾಗಿ ಮುಂದೆ ನುಗ್ಗುತ್ತದೆ. 1998ರ ಡಿಸೆಂಬರ್ 2ರಂದು ಲಿಂಟನ್ ಎಂಬಲ್ಲಿ ಗೀಲಾಂಗ್ ವೆಸ್ಟ್ ದಳದ ಐದು ಜನ ಸ್ವಯಂಸೇವಕರು ಹೀಗೆ ಗಾಳಿ ತಿರುಗಿದಾಗ ಲಾರಿಯೊಂದಿಗೆ ಬೆಂಕಿಗೆ ಸಿಕ್ಕಿ ಸತ್ತರು. ಅದಕ್ಕೇ ಈಗ ಟ್ಯಾಂಕರಿನ ಕೊನೆಯ ಒಂದಿಷ್ಟು ನೀರನ್ನು ಯಾವ ಮನೆ ಉರಿಯುತ್ತಿದ್ದರೂ ಮುಟ್ಟುವ ಹಾಗಿಲ್ಲ. ಅದು ಲಾರಿಯಲ್ಲಿರುವವರ ಜೀವಕ್ಕೆ ಮೀಸಲು. ಇದನ್ನು ಹೇಳುವಾಗ ಶೆಡ್ಡಿನಲ್ಲಿ ಯಾರೂ ಮಾತಾಡುವುದಿಲ್ಲ.

ನಮ್ಮ ಸುತ್ತಲೂ ಬೆಂಕಿ ಹೊಸತೇನಲ್ಲ. 2009ರ ಫೆಬ್ರುವರಿ 7ರಂದು ರಾಜ್ಯದಲ್ಲಿ 173 ಜನ ಸತ್ತ ದಿನ, ಬನ್ಯಿಪ್ ಕಾಡಿನ ಬೆಂಕಿ ಡ್ರೂಯಿನ್ ವೆಸ್ಟ್ ತನಕ ಬಂದಿತ್ತು. 2019ರ ಮಾರ್ಚಿನಲ್ಲಿ ಅದೇ ಕಾಡು ಮತ್ತೆ ಹೊತ್ತಿತು. ಹಳಬರಿಗೆ ಯಾವ ರಸ್ತೆ ಎಲ್ಲಿ ಮುಗಿಯುತ್ತದೆ, ಯಾರ ಜಮೀನಿನಲ್ಲಿ ಕೆರೆ ಇದೆ ಅಂತ ಗೊತ್ತು. ನನ್ನ ಲೇಔಟಿನವರಿಗೆ ಗೊತ್ತಿಲ್ಲ.

ಇಷ್ಟೆಲ್ಲ ಬರೆದದ್ದು ಒಂದು ಮಾತು ಹೇಳಲಿಕ್ಕೆ. ಊರು ಬೆಳೆಯಿತು ಅಂದರೆ ದಳವೂ ಬೆಳೆಯಿತು ಅಂತ ನಾನು ಅಂದುಕೊಂಡಿದ್ದೆ. ಹಾಗೇನಿಲ್ಲ. ಜಮೀನು ಮಾರಿದ ರೈತ ಊರು ಬಿಡುತ್ತಾನೆ. ಅವನ ಜಾಗಕ್ಕೆ ಹತ್ತಾರು ಮನೆ ಬರುತ್ತವೆ. ಆ ಮನೆಯವರೆಲ್ಲ ಬೆಳಿಗ್ಗೆ ರೈಲು ಹತ್ತುತ್ತಾರೆ. ರಾತ್ರಿ ಬೆಂಕಿ ಬಿದ್ದರೆ ಲಾರಿಗೆ ಜನ ಜಾಸ್ತಿ. ವಾರದ ಮಧ್ಯೆ, ಮಧ್ಯಾಹ್ನ ಎರಡು ಗಂಟೆಗೆ ಬಿದ್ದರೆ? ಹುಲ್ಲಿಗೆ ಬೆಂಕಿ ಹಿಡಿಯುವುದೇ ಆ ಹೊತ್ತಿಗೆ ಅಲ್ವಾ. "ನೀವು ಮೂರು ದಿನ ಮನೆಯಿಂದ ಕೆಲಸ ಮಾಡ್ತೀರಲ್ಲ, ನಮಗೆ ಬೇಕಿರೋದು ಅದೇ" ಅಂದರು ಕ್ಯಾಪ್ಟನ್. ನನ್ನ ಮ್ಯಾನೇಜರ್ ಹತ್ತಿರ ಕೇಳಿದೆ. ಹೋಗಿ ಬನ್ನಿ ಅಂದರು.

ಇಲ್ಲಿಗೆ ಬಂದಿರುವ ನಮ್ಮವರು ಅನೇಕರು ಮನೆಯಿಂದಲೇ ಕೆಲಸ ಮಾಡುತ್ತಾರೆ. ದಯವಿಟ್ಟು ಒಂದು ಸಲ ಹತ್ತಿರದ ಶೆಡ್ಡಿಗೆ ಹೋಗಿ. ಬೆಂಕಿ ಹತ್ತಿರ ಹೋಗಲೇಬೇಕು ಅಂತಿಲ್ಲ. ಲೆಕ್ಕ ಬರೆಯಬಹುದು, ಹೊಸ ಲೇಔಟುಗಳಲ್ಲಿ ಮನೆ ಮನೆಗೆ ಹೋಗಿ ಬೇಸಿಗೆಗೆ ಮುಂಚೆ ಹುಲ್ಲು ಕತ್ತರಿಸಿ ಅಂತ ಹೇಳಬಹುದು. ನಾನು ಕನ್ನಡದಲ್ಲೂ ಹೇಳಿದ್ದೇನೆ, ಎರಡು ಮನೆಗಳಲ್ಲಿ.

ಈಗ ಪೇಜರ್ ನನ್ನ ಲ್ಯಾಪ್‌ಟಾಪ್ ಪಕ್ಕದಲ್ಲಿರುತ್ತದೆ. ಕಳೆದ ಮಂಗಳವಾರ ಎರಡೂಕಾಲಿಗೆ ಕೂಗಿತು. ಹೋಗುವಷ್ಟರಲ್ಲಿ ಅಜ್ಜ ಶೆಡ್ಡಿನ ಬಾಗಿಲು ತೆಗೆದಿದ್ದರು. ಪ್ಲಂಬರ್ ಬೂಟು ಹಾಕಿಕೊಳ್ಳುತ್ತಿದ್ದರು. ಇನ್ನೊಬ್ಬರಿಗಾಗಿ ಕಾಯಬೇಕಾಗಲಿಲ್ಲ. ಲಾರಿ ಹೊರಟಿತು.