ಮಾನಿಟರ್ ಇಲ್ಲದ ಮೆಶಿನ್‌ಗೆ ಎಕ್ಸ್ ಯಾಕೆ ಬಂತು?

ಒಂದು ಸರ್ವರ್‌ಗೆ ರೇಖಾಚಿತ್ರ ಬಿಡಿಸುವ ಗ್ರಾಫ್‌ವಿಜ್ ಹಾಕಬೇಕಿತ್ತು. ಟೆಕ್ಸ್ಟ್ ಫೈಲ್ ಓದಿ ಪಿಎನ್‌ಜಿ ಚಿತ್ರ ಮಾಡಿಕೊಟ್ಟರೆ ಸಾಕು. ಮೆಶಿನ್‌ನಲ್ಲಿ ಇದ್ದದ್ದು ಜೆಂಟೂ, ಅಂದ್ರೆ ಪ್ಯಾಕೇಜ್‌ಗಳನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿ ಹಾಕಿಕೊಳ್ಳುವ ಲಿನಕ್ಸ್. ಪ್ಯಾಕೇಜ್ ಹಾಕುವ ಇಮರ್ಜ್ ಕಮಾಂಡ್‌ಗೆ, ಏನೇನು ಬರುತ್ತೆ ಅಂತ ಮಾತ್ರ ತೋರಿಸುವ ಪ್ರಿಟೆಂಡ್ ಆಪ್ಷನ್ ಕೊಟ್ಟು ನೋಡಿದೆ. ಪಟ್ಟಿ ಮುಗಿಯೋದೇ ಇಲ್ಲ! ಎಕ್ಸ್‌ನ, ಅಂದ್ರೆ ಪರದೆ ಮೇಲೆ ವಿಂಡೋಗಳನ್ನು ತೋರಿಸುವ ವ್ಯವಸ್ಥೆಯ, ಲೈಬ್ರರಿಗಳು: ಲಿಬ್‌ಎಕ್ಸ್11, ಅದರ ಹಿಂದೆ ಎಕ್ಸ್‌ಸಿಬಿ, ಅದರ ಹಿಂದೆ ಇನ್ನಷ್ಟು. ಮಾನಿಟರ್ರೇ ಇಲ್ಲ, ಎಕ್ಸ್ ಯಾಕೆ?

ಟ್ರೀ ಆಪ್ಷನ್ ಸೇರಿಸಿದರೆ ಯಾರು ಯಾರನ್ನು ಕರೆತಂದರು ಅಂತ ಗೊತ್ತಾಗುತ್ತೆ. ಜೆಂಟೂದಲ್ಲಿ ಫ್ಲ್ಯಾಗ್ ಅಂದ್ರೆ ಪ್ಯಾಕೇಜ್‌ನ ಒಂದು ಸೌಲಭ್ಯವನ್ನು ಆನ್ ಅಥವಾ ಆಫ್ ಮಾಡುವ ಸ್ವಿಚ್. ಪಿಎನ್‌ಜಿಗೆ ಬೇಕು ಅಂತ ಗ್ರಾಫ್‌ವಿಜ್‌ನ ಕೈರೋ ಫ್ಲ್ಯಾಗ್ ಆನ್ ಇಟ್ಟಿದ್ದೆ. ಅದು ಚಿತ್ರ ಬಿಡಿಸುವ ಕೈರೋ, ಪಠ್ಯ ಜೋಡಿಸುವ ಪ್ಯಾಂಗೋ, ಈ ಎರಡು ಲೈಬ್ರರಿಗಳನ್ನೂ ತಂತು. ಮೆಶಿನ್‌ನಲ್ಲಿ ಮೊದಲಿಂದ ಡೆಸ್ಕ್‌ಟಾಪ್ ಪ್ರೊಫೈಲ್ (ಡೆಸ್ಕ್‌ಟಾಪ್‌ಗೆ ಬೇಕಾದ ಫ್ಲ್ಯಾಗ್‌ಗಳನ್ನು ಮೊದಲೇ ಆನ್ ಮಾಡಿಡುವ ಸೆಟ್ಟಿಂಗ್) ಇದ್ದದ್ದರಿಂದ ಆ ಎರಡರಲ್ಲೂ ಎಕ್ಸ್ ಫ್ಲ್ಯಾಗ್ ತಾನಾಗೇ ಆನ್ ಆಗಿತ್ತು.

ಕೈರೋದ ಇಬಿಲ್ಡ್, ಅಂದ್ರೆ ಅದನ್ನು ಹೇಗೆ ಕಟ್ಟಬೇಕು ಅಂತ ಬರೆದ ಫೈಲ್, ತೆರೆದೆ. ಡಿಪೆಂಡೆನ್ಸಿ, ಅಂದ್ರೆ ಜೊತೆಗೆ ಇರಬೇಕಾದ ಪ್ಯಾಕೇಜ್‌ಗಳನ್ನು, ಬರೆದ ಜಾಗದಲ್ಲಿ ಎಕ್ಸ್ ಅಂತ ಒಂದು ಅಕ್ಷರ, ಪಕ್ಕದಲ್ಲಿ ಪ್ರಶ್ನೆ ಗುರುತು, ಆಮೇಲೆ ಬ್ರಾಕೆಟ್ ಒಳಗೆ ಲೈಬ್ರರಿಗಳ ಹೆಸರು. ಕೆಳಗೆ ಅದೇ ಅಕ್ಷರ ಬಿಲ್ಡ್ ಸ್ಕ್ರಿಪ್ಟ್‌ಗೆ ಎಕ್ಸ್ ಸೇರಿಸು ಅಥವಾ ಬಿಡು ಅಂತಲೂ ಹೇಳುತ್ತೆ. ನನಗೆ ತುಂಬಾ ಇಷ್ಟವಾಗುವ ವಿಷಯ ಇದು: ಒಂದೇ ಫ್ಲ್ಯಾಗ್ ಕೋಡ್ ಹೇಗೆ ಕಂಪೈಲ್ ಆಗಬೇಕು ಅನ್ನೋದನ್ನೂ, ಅದಕ್ಕೆ ಮೊದಲು ಏನೇನು ಇರಬೇಕು ಅನ್ನೋದನ್ನೂ ಒಟ್ಟಿಗೆ ನಿರ್ಧರಿಸುತ್ತೆ.

ಕೈರೋದಲ್ಲಿ ಮಾತ್ರ ಆಫ್ ಮಾಡಿದರೆ ಆಗಲ್ಲ. ಪ್ಯಾಂಗೋಗೆ ಎಕ್ಸ್ ಇದ್ದರೆ ಕೈರೋಗೂ ಇರಲೇಬೇಕು ಅಂತ ಪ್ಯಾಂಗೋದ ಇಬಿಲ್ಡ್ ಹೇಳುತ್ತೆ, ಜೆಂಟೂದ ಪ್ಯಾಕೇಜ್ ಮ್ಯಾನೇಜರ್ ಪೋರ್ಟೇಜ್ ಅಲ್ಲೇ ನಿಲ್ಲಿಸುತ್ತೆ. ಹಾಗಾಗಿ ಇಡೀ ಮೆಶಿನ್‌ಗೆ ಅನ್ವಯಿಸುವ ಸೆಟ್ಟಿಂಗ್ ಫೈಲ್ ಮೇಕ್ ಡಾಟ್ ಕಾನ್ಫ್‌ನಲ್ಲೇ ಎಕ್ಸ್ ಮುಂದೆ ಮೈನಸ್ ಹಾಕಿದೆ. ಪಟ್ಟಿ ಪಟ್ಟನೆ ಇಳಿಯಿತು.

ಆದರೆ ಈಗ ಇನ್ನೊಂದು ತಕರಾರು. ಅಕ್ಷರಗಳನ್ನು ಸರಿಯಾದ ರೂಪಕ್ಕೆ ತರುವ ಹಾರ್ಫ್‌ಬಜ್‌ಗೆ, ಫಾಂಟ್ ಓದಿ ಬಿಡಿಸುವ ಫ್ರೀಟೈಪ್ ಬೇಕು. ಫ್ರೀಟೈಪ್‌ನ ಹಾರ್ಫ್‌ಬಜ್ ಫ್ಲ್ಯಾಗ್ ಆನ್ ಇದ್ದರೆ, ಅಕ್ಷರಗಳ ಆಟೋ ಹಿಂಟಿಂಗ್ (ಸ್ಪಷ್ಟವಾಗಿ ಕಾಣುವಂತೆ ತಾನಾಗೇ ಹೊಂದಿಸುವುದು) ಚೆನ್ನಾಗಿ ಬರಲು, ಅದಕ್ಕೆ ಹಾರ್ಫ್‌ಬಜ್ ಬೇಕು. ಇದಿಲ್ಲದೆ ಅದಿಲ್ಲ, ಅದಿಲ್ಲದೆ ಇದಿಲ್ಲ. ದಾರಿ ಮಾತ್ರ ಸರಳ. ಫ್ಲ್ಯಾಗ್ ಆಫ್ ಮಾಡಿ ಫ್ರೀಟೈಪ್ ಒಮ್ಮೆ ಕಟ್ಟಿದೆ, ಆಮೇಲೆ ಹಾರ್ಫ್‌ಬಜ್, ಆಮೇಲೆ ಫ್ಲ್ಯಾಗ್ ಆನ್ ಮಾಡಿ ಮತ್ತೆ ಫ್ರೀಟೈಪ್. ಹೆಚ್ಚು ಹೊತ್ತೂ ಹಿಡಿಯಲಿಲ್ಲ.

ಕೊನೆಗೆ ಕೈರೋ ಲೈಬ್ರರಿಯ ಮೇಲೆ, ಯಾವ ಯಾವ ಲೈಬ್ರರಿಗೆ ಲಿಂಕ್ ಆಗಿದೆ ಅಂತ ತೋರಿಸುವ ಎಲ್‌ಡಿಡಿ ಓಡಿಸಿ ನೋಡಿದೆ. ಫ್ರೀಟೈಪ್, ಫಾಂಟ್‌ಕಾನ್ಫಿಗ್, ಪಿಕ್ಸ್‌ಮ್ಯಾನ್ ಎಲ್ಲ ಇದ್ದವು, ಎಕ್ಸ್ ಇರಲಿಲ್ಲ. ಇಷ್ಟು ಯಾಕೆ ನೋಡಬೇಕು ಅಂದ್ರೆ, ಕೆಲವು ಬಿಲ್ಡ್ ಸ್ಕ್ರಿಪ್ಟ್‌ಗಳು ಯಾರನ್ನೂ ಕೇಳಲ್ಲ. ಮೆಶಿನ್‌ನಲ್ಲಿ ಯಾವುದೋ ಲೈಬ್ರರಿ ಕಂಡರೆ ಸುಮ್ನೆ ಅದಕ್ಕೆ ಲಿಂಕ್ ಆಗಿಬಿಡುತ್ತವೆ, ಪೋರ್ಟೇಜ್‌ಗೆ ಆ ಸಂಬಂಧ ಗೊತ್ತೇ ಇರಲ್ಲ, ಮುಂದೊಂದು ದಿನ ಬೇಡದ ಪ್ಯಾಕೇಜ್ ತೆಗೆಯುವ ಡೆಪ್‌ಕ್ಲೀನ್ ಆ ಲೈಬ್ರರಿ ಯಾರಿಗೂ ಬೇಡ ಅಂತ ತೆಗೆದರೆ ಪ್ರೋಗ್ರಾಂ ಶುರುವೇ ಆಗಲ್ಲ. ಇದಕ್ಕೆ ಆಟೋಮ್ಯಾಜಿಕ್ ಡಿಪೆಂಡೆನ್ಸಿ ಅಂತಾರೆ. ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡೋದು ಇದೇ. ಹಾಗಾಗಿ ಹೊಸ ಇಬಿಲ್ಡ್ ಓದುವಾಗ ನಾನು ಮೊದಲು ನೋಡೋದು, ಬೇಕಾದರೆ ಇರಲಿ ಅನ್ನುವಂಥ ಪ್ರತಿ ಲೈಬ್ರರಿಗೂ ಬಿಲ್ಡ್ ಸ್ಕ್ರಿಪ್ಟ್‌ಗೆ ಬೇಕು ಅಥವಾ ಬೇಡ ಅಂತ ಬಾಯಿಬಿಟ್ಟು ಹೇಳಿದ್ದಾರಾ ಅಂತ.