ಒಡೆದದ್ದು ರಕ್ತಕಣ, ಬರೆದದ್ದು ಐಸಿ50

ಮಲೇರಿಯಕ್ಕೆ ಮದ್ದಾದೀತೇ ಎಂದು ಒಂದು ಗಿಡದ ಬೇರಿನ ಸಾರವನ್ನು ಪರೀಕ್ಷಿಸುತ್ತಿದ್ದೆವು. ದ್ರವಗಳನ್ನು ಬೇರ್ಪಡಿಸುವ ಸೆಪರೇಟಿಂಗ್ ಫನಲ್‌ನಲ್ಲಿ ಎದ್ದ ನೊರೆ ರಾತ್ರಿಯಿಡೀ ಇಳಿಯಲಿಲ್ಲ. ನೀರಿಗೂ ಬ್ಯೂಟನಾಲ್‌ಗೂ ನಡುವೆ ಎರಡೂ ಬೆರೆತ ಬಿಳಿ ಎಮಲ್ಷನ್ ಕಟ್ಟಿಕೊಂಡಿತ್ತು. ಉಪ್ಪು ಹಾಕಿದರೂ ಬಿಡಲಿಲ್ಲ, ಕೊನೆಗೆ ಸೆಂಟ್ರಿಫ್ಯೂಜ್ ಮಾಡಿಯೇ ಬೇರ್ಪಡಿಸಬೇಕಾಯಿತು. ನೋಟ್‌ಬುಕ್‌ನಲ್ಲಿ ಇದಕ್ಕೆ ಸಿಕ್ಕಿದ್ದು ಎರಡೇ ಪದ: 'ಎಮಲ್ಷನ್, ತಡವಾಯಿತು'. ಮುಂದೆ ಆರು ವಾರ ನಾವು ಹುಡುಕಿದ ಉತ್ತರ ಆ ಫನಲ್‌ನಲ್ಲೇ ಇತ್ತು.

ಸಾರ ತೆಗೆದ ಕ್ರಮದಲ್ಲಿ ತಪ್ಪಿರಲಿಲ್ಲ. ಬೇರಿನ ಪುಡಿಯನ್ನು ಶೇ 80 ಎಥನಾಲ್‌ನಲ್ಲಿ 24 ಗಂಟೆಯಂತೆ ಮೂರು ಸಲ ನೆನೆಸಿ, ಸೋಸಿ, ದ್ರಾವಕವನ್ನು ಆವಿಯಾಗಿಸುವ ರೋಟಾವೇಪರ್‌ನಲ್ಲಿ 40 ಡಿಗ್ರಿ ಮೀರದಂತೆ ಇಳಿಸಿದ್ದೆವು. ಈ 40 ಡಿಗ್ರಿಯ ವಿಷಯದಲ್ಲಿ ಹಠ ಇರಲೇಬೇಕು. ಚೀನಾದ ತು ಯೂಯೂ ಅವರ ತಂಡ ಬಿಸಿಯನ್ನು ಬಿಟ್ಟು ಕಡಿಮೆ ತಾಪದಲ್ಲಿ ಈಥರ್ ಬಳಸಿದ ಮೇಲೆಯೇ ಅವರ 191ನೇ ಸ್ಯಾಂಪಲ್ 1971ರ ಅಕ್ಟೋಬರ್‌ನಲ್ಲಿ ಇಲಿಗಳ ಮಲೇರಿಯವನ್ನು ಪೂರ್ತಿ ಅಡಗಿಸಿತು, ಮಲೇರಿಯದ ಮದ್ದು ಆರ್ಟೆಮಿಸಿನಿನ್ ಕೈಗೆ ಬಂತು. ಯಾವ ದ್ರಾವಕ, ಎಷ್ಟು ಬಿಸಿ ಎಂಬುದೇ ಪರೀಕ್ಷೆಯ ಪ್ಲೇಟಿಗೆ ಏನು ಹೋಗುತ್ತದೆ ಎಂದು ತೀರ್ಮಾನಿಸುತ್ತದೆ. ಹೆಕ್ಸೇನ್‌ಗೆ ಕೊಬ್ಬು, ಮೇಣ ಹೋಗುತ್ತವೆ. ಈಥೈಲ್ ಅಸಿಟೇಟ್‌ಗೆ ಫ್ಲೇವನಾಯ್ಡ್‌ಗಳು, ಹಲವು ಟರ್ಪೀನ್‌ಗಳು. ಬ್ಯೂಟನಾಲ್‌ಗೆ ಸಕ್ಕರೆ ಅಂಟಿಸಿಕೊಂಡ ದೊಡ್ಡ ಅಣುಗಳು, ಅವುಗಳಲ್ಲಿ ಮೊದಲ ಸಾಲಿನವು ಸಾಪೊನಿನ್‌ಗಳು. ನೊರೆ ಏಳಿಸುವುದು ಅವುಗಳ ಹುಟ್ಟುಗುಣ, ರಕ್ತಕಣದ ಪೊರೆಯಲ್ಲಿರುವ ಕೊಲೆಸ್ಟರಾಲ್‌ಗೆ ಅಂಟಿ ತೂತು ಕೊರೆಯುವುದೂ ಅಷ್ಟೇ.

ಹೀಗೆ ಮೂರು ದ್ರಾವಕಗಳಿಗೆ ಹಂಚಿಹೋದ ಮೂರು ಭಾಗಗಳಲ್ಲಿ ಬ್ಯೂಟನಾಲ್ ಭಾಗದ ಐಸಿ50, ಅಂದರೆ ಪರಾವಲಂಬಿಯ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಬೇಕಾದ ಪ್ರಮಾಣ, ಎಲ್ಲಕ್ಕಿಂತ ಕಡಿಮೆ ಬಂತು. ಮೀಟಿಂಗ್ ಶೀಟಿನಲ್ಲಿ ಒಂದೇ ಕಾಲಂ, ಐಸಿ50. ಸ್ಮಿಯರ್‌ಗೆ (ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತ), ಹೀಮೊಲಿಸಿಸ್‌ಗೆ (ರಕ್ತಕಣ ಒಡೆಯುವುದು) ಅಲ್ಲಿ ಜಾಗವಿಲ್ಲ, ಈ ಮಾತು ಹಲವು ಸಲ ಹೇಳಿಯಾಗಿದೆ. ಚಿಕ್ಕ ಸಂಖ್ಯೆ ಕಂಡ ತಕ್ಷಣ ಉಳಿದೆರಡು ಭಾಗಗಳು ಮೈನಸ್ 20ರ ಫ್ರೀಜರ್ ಸೇರಿದವು. ಇಲಿಗಳ ಮೇಲಿನ ನಾಲ್ಕು ದಿನದ ಪರೀಕ್ಷೆಗೆ ಅರ್ಜಿ ಬರೆಯಲು ಮೀಟಿಂಗಿನಲ್ಲಿ ಹೇಳಿದರು. ನಾವೂ ಬೇಡ ಎನ್ನಲಿಲ್ಲ.

ಮೋಸ ಎಲ್ಲಿ ಆಗುತ್ತದೆಂದು ಬಿಡಿಸಿ ಹೇಳಬೇಕು, ಈ ಪರೀಕ್ಷೆ ಮಾಡುವ ಪ್ರತಿ ಲ್ಯಾಬಿನಲ್ಲೂ ಆಗಬಹುದಾದ್ದು. ಸಾರ್ಬಿಟಾಲ್‌ನಿಂದ ಸಿಂಕ್ ಮಾಡಿದ, ಅಂದರೆ ಒಂದೇ ಹಂತಕ್ಕೆ ತಂದ ರಿಂಗ್‌ಗಳು (ಕಣದೊಳಗಿನ ಎಳೆಯ ಪರಾವಲಂಬಿಗಳು), ಶೇ 2 ಹೆಮಟೋಕ್ರಿಟ್ (ರಕ್ತಕಣಗಳ ಪಾಲು), ಶೇ 0.5 ಪ್ಯಾರಸೈಟೀಮಿಯ (ಸೋಂಕಿದ ಕಣಗಳ ಪಾಲು), ಸಾರದ ಜೊತೆ 72 ಗಂಟೆ. ಆಮೇಲೆ ಪ್ಲೇಟ್ ಫ್ರೀಜ್, ಥಾ, ಡಿಎನ್ಎಗೆ ಅಂಟಿ ಹೊಳೆಯುವ ಸೈಬರ್ ಗ್ರೀನ್ ಬೆರೆಸಿದ, ಕಣ ಒಡೆಯುವ ಲೈಸಿಸ್ ಬಫರ್, ಒಂದು ಗಂಟೆ ಕತ್ತಲು, 485 ನ್ಯಾನೊಮೀಟರ್ ಬೆಳಕಿನಲ್ಲಿ ಎಕ್ಸೈಟೇಷನ್, 530ರಲ್ಲಿ ಎಮಿಷನ್, ಅಂದರೆ ಹೊಳಪಿನ ಅಳತೆ. ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇಲ್ಲದ್ದರಿಂದ ಕಾಣುವ ಡಿಎನ್ಎ ಪರಾವಲಂಬಿಯದೇ ಎಂಬ ನಂಬಿಕೆಯ ಮೇಲೆ ಇಡೀ ವಿಧಾನ ನಿಂತಿದೆ. ನಂಬಿಕೆ ಸರಿಯೇ. ಆದರೆ ಮೊದಲ ದಿನವೇ ಸಾರ ರಕ್ತಕಣವನ್ನು ಒಡೆದರೆ ರಿಂಗ್‌ಗೆ ಮನೆಯೇ ಇಲ್ಲ, ಮುಂದಿನ ಸುತ್ತಿಗೆ ಹೊಕ್ಕಲು ಹೊಸ ಕಣವೂ ಇಲ್ಲ. ಡಿಎನ್ಎ ಬೆಳೆಯುವುದಿಲ್ಲ. ಮೆಷಿನ್ ಇದನ್ನು 'ಇನ್‌ಹಿಬಿಷನ್' ಎಂದು ಓದುತ್ತದೆ, ಔಷಧ ಕೊಂದದ್ದಕ್ಕೂ ಇದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ.

ಸಾಕ್ಷಿ ಅಳಿಸುವವರೂ ನಾವೇ. ಫ್ರೀಜ್ ಮಾಡಿ ಕರಗಿಸಿದರೆ ಪ್ಲೇಟಿನ ಎಲ್ಲ ವೆಲ್‌ಗಳ (ಗುಂಡಿಗಳ) ಕಣಗಳೂ ಒಡೆಯುತ್ತವೆ. ಲೈಸಿಸ್ ಬಫರಿನಲ್ಲಿ ಶೇ 0.008 ಸಾಪೊನಿನ್ ಇದೆ, ಜೊತೆಗೆ ಟ್ರೈಟಾನ್ ಎಂಬ ಡಿಟರ್ಜೆಂಟ್. ಅದನ್ನು ಹಾಕಿದ ಮೇಲೆ ಸಾರ ಹಾಕದ ಕಂಟ್ರೋಲ್ ವೆಲ್ಲೂ ಟೆಸ್ಟ್ ವೆಲ್ಲೂ ಒಂದೇ ಕೆಂಪು. ಹೋಗಲಿ, ಅದಕ್ಕೆ ಮೊದಲು ನೋಡೋಣವೆಂದರೆ ಪ್ಲೇಟ್ ಕಪ್ಪು, ತಳವೂ ಕಪ್ಪು. ಕೆಳಗಿನಿಂದ ಏನೂ ಕಾಣದು. ಪರಾವಲಂಬಿಯನ್ನು ಕಣದಿಂದ ಹೊರತೆಗೆಯಲು ಶೇ 0.1 ಸಾಪೊನಿನ್ ಬಾಟಲಿಯನ್ನು ವಾರವಾರವೂ ಕೈಗೆತ್ತಿಕೊಳ್ಳುವ ನಮಗೆ, ಅದೇ ವಸ್ತು ಗಿಡದಿಂದ ಬಂದಿರಬಹುದೆಂದು ಹೊಳೆಯದೆ ಹೋದದ್ದು ಇಂದಿಗೂ ನೋಯುತ್ತದೆ.

ಸಿಕ್ಕಿಬಿದ್ದದ್ದು ಕಪ್ಪು ಪ್ಲೇಟ್ ಮುಗಿದು ಆ ದಿನ ಸಾದಾ ಪಾರದರ್ಶಕ ಪ್ಲೇಟ್ ಬಳಸಿದ್ದರಿಂದ. 72 ಗಂಟೆಗೆ ಇನ್‌ಕ್ಯುಬೇಟರಿನಿಂದ ತೆಗೆದಾಗ ಕಂಟ್ರೋಲ್ ಸಾಲುಗಳಲ್ಲಿ ಕಣಗಳು ತಳಕ್ಕೆ ಕೂತು ಮೇಲೆ ಮೀಡಿಯಾ ತಿಳಿಯಾಗಿತ್ತು. ನಮ್ಮ ಸಾಲಿನ ಮೊದಲ ಐದು ವೆಲ್‌ಗಳಲ್ಲಿ ತಳಕ್ಕೆ ಕೂತ ಕಣಗಳೇ ಇಲ್ಲ, ಮೇಲಿಂದ ಕೆಳತನಕ ಒಂದೇ ಸಮ ಚೆರ್ರಿ ಕೆಂಪು. ಒಬ್ಬರು ಮೀಡಿಯಾದಲ್ಲಿರುವ ಬಣ್ಣ ಫೀನಾಲ್ ರೆಡ್ ಎಂದರು. ಅದು ಇಂಥ ಕೆಂಪಲ್ಲ, ಟ್ಯಾನಿನ್ ಇರುವ ಆಮ್ಲೀಯ ಸಾರವಾದರೆ ಅದು ಹಳದಿಗೆ ತಿರುಗುತ್ತದೆ. ಪ್ಲೇಟ್ ಫ್ರೀಜರಿಗೆ ಹೋಗುವುದನ್ನು ತಡೆದು ಮೂರು ವೆಲ್‌ಗಳಿಂದ ಸ್ಮಿಯರ್ ಎಳೆದೆವು. ಮೆಥನಾಲ್, ಶೇ 10 ಗೀಮ್ಸಾ ಬಣ್ಣ, ಹದಿನೈದು ನಿಮಿಷ. ಆ ಹದಿನೈದು ನಿಮಿಷ ಯಾರೂ ಮಾತಾಡಲಿಲ್ಲ. ಸಾರ ಕರಗಿಸುವ ಡಿಎಂಎಸ್ಒ ಮಾತ್ರ ಇದ್ದ ಕಂಟ್ರೋಲ್‌ನಲ್ಲಿ ತುಂಬಿದ ಟ್ರೋಫೊಜೊಯಿಟ್‌ಗಳು, ಅಲ್ಲಲ್ಲಿ ಸೈಜಾಂಟ್, ಅಂದರೆ ಬೆಳೆದ ಪರಾವಲಂಬಿಗಳು. ನಮ್ಮ ವೆಲ್‌ನಲ್ಲಿ ಕಣಗಳ ಮಸುಕು ನೆರಳುಗಳು, ನಡುನಡುವೆ ಮುದುಡಿದ ಕೆಲವು ರಿಂಗ್. ಮೂರನೆಯದು ಸೋಂಕಿಲ್ಲದ ರಕ್ತಕ್ಕೆ ಅದೇ ಸಾರ ಹಾಕಿದ ವೆಲ್, ಬೇರೆ ಕಾರಣಕ್ಕೆ ಮೂಲೆಯಲ್ಲಿಟ್ಟಿದ್ದು. ಅಲ್ಲೂ ಅದೇ ನೆರಳು.

ಹಿಂದಕ್ಕೆ ತಿರುಗಿ ನೋಡಿದರೆ ಗುರುತುಗಳು ಸಾಲುಗಟ್ಟಿ ನಿಂತಿದ್ದವು. ಡೋಸ್ ಕರ್ವ್, ಅಂದರೆ ಡೋಸ್‌ಗೆ ತಕ್ಕ ಪರಿಣಾಮದ ಗೆರೆ, ಎರಡು ಪಟ್ಟಿನ ಒಂದೇ ಡೈಲ್ಯೂಷನ್‌ನಲ್ಲಿ ಮೇಲಿನಿಂದ ಕೆಳಕ್ಕೆ ಬಿದ್ದಿತ್ತು. ಪೊರೆ ಒಡೆಯುವ ವಸ್ತುಗಳ ಕರ್ವ್ ಹಾಗೆಯೇ ಕಡಿದಾಗಿರುತ್ತದೆ, ಮಲೇರಿಯದ ಮದ್ದು ಕ್ಲೋರೊಕ್ವಿನ್‌ನದು ಹಾಗೆ ಬೀಳುವುದಿಲ್ಲ. ಕ್ಲೋರೊಕ್ವಿನ್‌ಗೆ ಬಗ್ಗುವ 3ಡಿ7 ತಳಿಗೂ ಬಗ್ಗದ ಡಿಡಿ2 ತಳಿಗೂ ಐಸಿ50 ಒಂದೇ ಬಂದಿತ್ತು. ಅದನ್ನು 'ಕ್ರಾಸ್ ರೆಸಿಸ್ಟೆನ್ಸ್ ಇಲ್ಲ' ಎಂದು ಸಂತೋಷದಿಂದ ಬರೆದಿದ್ದೆವು. ರಕ್ತಕಣ ಎರಡಕ್ಕೂ ಒಂದೇ ಅಲ್ಲವೇ.

ಸುರಕ್ಷತೆಯ ಲೆಕ್ಕವೂ ತಪ್ಪಿತ್ತು, ಇದು ಇನ್ನೂ ಗಂಭೀರ. ಹೆಪ್‌ಜಿ2 ಎಂಬ ಮಾನವ ಯಕೃತ್ತಿನ ಕೋಶಗಳ ಮೇಲೆ ಎಂಟಿಟಿ (ಬದುಕಿದ ಕೋಶ ನೇರಳೆಗೆ ತಿರುಗಿಸುವ ಬಣ್ಣದ ಪರೀಕ್ಷೆ) ಮಾಡಿ, ಸಿಸಿ50ಯನ್ನು (ಅರ್ಧದಷ್ಟು ಕೋಶ ಕೊಲ್ಲುವ ಪ್ರಮಾಣ) ಐಸಿ50ಯಿಂದ ಭಾಗಿಸಿ ಸೆಲೆಕ್ಟಿವಿಟಿ ಇಂಡೆಕ್ಸ್ 10ರ ಮೇಲೆ ಬಂತೆಂದು ನೆಮ್ಮದಿಯಾಗಿದ್ದೆವು. ಪಾಲಿಫೀನಾಲ್ ಇರುವ ಸಾರ ಕೋಶವೇ ಇಲ್ಲದಿದ್ದರೂ ಎಂಟಿಟಿಯನ್ನು ನೇರವಾಗಿ ನೇರಳೆ ಫಾರ್ಮಜಾನ್ ಮಾಡುತ್ತದೆ. ಸತ್ತ ಕೋಶ ಬದುಕಿದಂತೆ ಕಾಣುತ್ತದೆ. ಸಾರ ತೆಗೆದು, ಪಿಬಿಎಸ್ ಉಪ್ಪುನೀರಿನಲ್ಲಿ ಎರಡು ಸಲ ತೊಳೆದು, ಆಮೇಲೆ ಎಂಟಿಟಿ ಹಾಕಬೇಕು. ಕೋಶವಿಲ್ಲದ, ಸಾರ ಮಾತ್ರ ಇರುವ ವೆಲ್‌ಗಳನ್ನು ಪ್ರತಿ ಡೋಸ್‌ಗೂ ಇಡಬೇಕು. ತೊಳೆದು ಮಾಡಿದಾಗ ಇಂಡೆಕ್ಸ್ 3ಕ್ಕೆ ಇಳಿಯಿತು. ಅದನ್ನೂ ಬಿಡಿ, ಮಲೇರಿಯ ರೋಗಿಯ ರಕ್ತ ಮೊದಲೇ ಇಳಿದಿರುತ್ತದೆ. ಅಂಥವರಿಗೆ ರಕ್ತಕಣ ಒಡೆಯುವ ವಸ್ತುವನ್ನು ಮದ್ದು ಎನ್ನಲಾಗದು. ರಕ್ತಕಣ ಕಾಯುವ ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಮಲೇರಿಯದ ಮದ್ದು ಪ್ರೈಮಾಕ್ವಿನ್ ಕೊಡುವಾಗಲೇ ಎಷ್ಟು ಎಚ್ಚರ ಬೇಕೆಂದು ಈ ಕ್ಷೇತ್ರದವರಿಗೆಲ್ಲ ಗೊತ್ತು.

ಈಗ ಐಸಿ50ಗೆ ಮೊದಲು ಹೀಮೊಲಿಸಿಸ್. ಸೋಂಕಿಲ್ಲದ ರಕ್ತ, ಅದೇ ಶೇ 2 ಹೆಮಟೋಕ್ರಿಟ್, ಅದೇ ಮೀಡಿಯಾ, ಅದೇ ಡೋಸ್‌ಗಳು, ಅದೇ 72 ಗಂಟೆ. ಒಂದು ಗಂಟೆಯಲ್ಲಿ ಮುಗಿಸಿದರೆ ನಿಧಾನಕ್ಕೆ ಒಡೆಯುವುದು ತಪ್ಪಿಸಿಕೊಳ್ಳುತ್ತದೆ. ಸೆಂಟ್ರಿಫ್ಯೂಜಿನಲ್ಲಿ 500 ಜಿ ವೇಗಕ್ಕೆ ಐದು ನಿಮಿಷ ತಿರುಗಿಸಿ, ಮೇಲಿನ 100 ಮೈಕ್ರೊಲೀಟರನ್ನು ಹೊಸ ಪ್ಲೇಟಿಗೆ ಹಾಕಿ 540 ನ್ಯಾನೊಮೀಟರ್‌ನಲ್ಲಿ ಓದುವುದು. ಪೂರ್ತಿ ಒಡೆದದ್ದಕ್ಕೆ ಶೇ 1 ಟ್ರೈಟಾನ್, ಸಾರದ ಬಣ್ಣ ಕಳೆಯಲು ರಕ್ತವಿಲ್ಲದ ವೆಲ್. ಹೀಮೊಲಿಸಿಸ್ ಶೇ 5 ದಾಟಿದ ಡೋಸ್‌ನ ಸೈಬರ್ ಅಂಕಿಯನ್ನು ಕರ್ವ್‌ಗೆ ಸೇರಿಸುವುದಿಲ್ಲ. ಸಾರ ಮಾತ್ರ ಇರುವ ವೆಲ್ಲುಗಳು ಸೈಬರ್ ಪ್ಲೇಟಿನಲ್ಲೂ ಬೇಕು: ಗಾಢ ಬಣ್ಣದ ಸಾರ ಬೆಳಕು ನುಂಗುತ್ತದೆ, ಗಿಡದ ಹಳದಿ ವಸ್ತು ಬರ್ಬರೀನ್‌ನಂಥದ್ದು ಡಿಎನ್ಎಗೆ ಅಂಟಿ ತಾನೇ ಹೊಳೆಯುತ್ತದೆ. ಹಾಗೆಯೇ ಡಿಎಂಎಸ್ಒದಲ್ಲಿ ಕರಗಿಸಿದ ಸ್ಟಾಕನ್ನು ಮಿಲಿಲೀಟರಿಗೆ 10 ಮಿಲಿಗ್ರಾಂ ಮಾಡಿಟ್ಟರೆ ಮಿಲಿಲೀಟರಿಗೆ 100 ಮೈಕ್ರೊಗ್ರಾಂ ಡೋಸ್‌ನಲ್ಲಿ ಡಿಎಂಎಸ್ಒ ಶೇ 1 ಆಗಿ ಅದೇ ಪರಾವಲಂಬಿಯನ್ನು ಕುಗ್ಗಿಸುತ್ತದೆ. 40 ಮಿಲಿಗ್ರಾಂ ಮಾಡಿದರೆ ಶೇ 0.25. ಕರಗದೆ ಉಳಿದರೆ ಸೋನಿಕೇಟರ್, ಆಗಲೂ ಕರಗದಿದ್ದರೆ ಡೋಸ್ ಇಳಿಸುವುದೇ ದಾರಿ.

ಇದಕ್ಕೂ ಮೊದಲು ಟೆಸ್ಟ್‌ಟ್ಯೂಬಿನಲ್ಲಿ ನೀರು ಹಾಕಿ ಅಲ್ಲಾಡಿಸಿ ಹತ್ತು ನಿಮಿಷ ಇಡುವುದು. ಒಂದು ಸೆಂಟಿಮೀಟರ್ ನೊರೆ ನಿಂತರೆ ಆ ಭಾಗದ ಹೆಸರಿನ ಮುಂದೆ ಗುರುತು. ಅನುಮಾನ ಉಳಿದರೆ ಸಾರವನ್ನು ಕೊಲೆಸ್ಟರಾಲ್ ಜೊತೆ ಮೊದಲೇ ಬೆರೆಸಿಟ್ಟು ಮತ್ತೆ ಪ್ಲೇಟ್ ಹಾಕುತ್ತೇವೆ, ನಮ್ಮ ಬ್ಯೂಟನಾಲ್ ಭಾಗದ 'ಗುಣ' ಆಗ ಹೆಚ್ಚುಕಡಿಮೆ ಮಾಯವಾಯಿತು.

ಫ್ರೀಜರಿನಲ್ಲಿ ಮರೆತಿದ್ದ ಈಥೈಲ್ ಅಸಿಟೇಟ್ ಭಾಗವನ್ನು ಹೊರತೆಗೆದಿದ್ದೇವೆ. ಐಸಿ50 ದೊಡ್ಡದೇ, ಮೀಟಿಂಗಿನಲ್ಲಿ ಯಾರೂ ತಲೆಯೆತ್ತಿ ನೋಡುವಂಥದ್ದಲ್ಲ. ಆದರೆ ನೊರೆ ಇಲ್ಲ, ಅತಿ ಹೆಚ್ಚಿನ ಡೋಸ್‌ನಲ್ಲೂ ಕಣಗಳು ತಳದಲ್ಲಿ ಕೂತಿವೆ, ಕರ್ವ್ ಇಳಿಜಾರಾಗಿದೆ. ಸ್ಮಿಯರ್‌ನಲ್ಲಿ ಇಡಿಯಾದ ಕಣದೊಳಗೆ, ಕಪ್ಪಗೆ ಮುದ್ದೆಯಾದ ಪರಾವಲಂಬಿ ಕಾಣುತ್ತದೆ. ಈ ವಾರ ಅದನ್ನು ಅಣುಗಳನ್ನು ಬೇರ್ಪಡಿಸುವ ಕ್ರೊಮಟಾಗ್ರಫಿ ಕಾಲಂಗೆ ಹಾಕಿದ್ದೇವೆ.