ಟೆಸ್ಟ್ ಹಸಿರಾದ ಮಾತ್ರಕ್ಕೆ ಬಗ್ ಹೋಗಿರುವುದಿಲ್ಲ

ಕೋಡನ್ನು ತಾನೇ ರಿಪೇರಿ ಮಾಡುವ ಟೂಲ್ ಬಂತೆಂದರೆ ಎಲ್ಲರೂ ಕೇಳುವುದು ಎಷ್ಟು ಬಗ್ ಸರಿಮಾಡಿತು ಅಂತ. ಅದು ಕೊಟ್ಟ ಪ್ಯಾಚ್ (ಕೋಡಿನ ತಿದ್ದುಪಡಿ) ಓದಿ ಒಪ್ಪಬೇಕಾದವರ ಸಮಯ ಉಳಿಯಿತೇ ಎಂದು ಕೇಳುವವರು ಕಡಿಮೆ.

2012ರಲ್ಲಿ, ಟೆಸ್ಟ್‌ಗಳೆಲ್ಲ ಪಾಸಾಗುವ ತನಕ ಕೋಡ್ ಬದಲಿಸಿ ನೋಡುವ ಜೆನ್‌ಪ್ರೋಗ್ ಎಂಬ ರಿಪೇರಿ ಟೂಲಿನ ತಂಡ, ಸಿ ಪ್ರೋಗ್ರಾಂಗಳ 105 ಬಗ್‌ಗಳಲ್ಲಿ 55ನ್ನು ತಲಾ ಸುಮಾರು 8 ಡಾಲರ್ ಖರ್ಚಿನಲ್ಲಿ ಸರಿಪಡಿಸಿದ್ದಾಗಿ ವರದಿ ಮಾಡಿತು. 2015ರಲ್ಲಿ ಎಂಐಟಿಯವರು ಆ ಪ್ಯಾಚ್‌ಗಳನ್ನು ಕೂತು ಪರಿಶೀಲಿಸಿದಾಗ ನಿಜಕ್ಕೂ ಸರಿಹೋಗಿದ್ದದ್ದು 2 ಬಗ್ ಮಾತ್ರ. ಉಳಿದವುಗಳಲ್ಲಿ ಬಹುಪಾಲು, ತೊಂದರೆ ಕೊಡುತ್ತಿದ್ದ ಕೆಲಸವನ್ನೇ ಅಳಿಸಿಹಾಕಿದ್ದವು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಕೆಲವು ಟೆಸ್ಟ್‌ಗಳಂತೂ ಔಟ್‌ಪುಟ್ ನೋಡುತ್ತಲೇ ಇರಲಿಲ್ಲ, ಪ್ರೋಗ್ರಾಂ ಮುಗಿಯುವಾಗ ಕೊಡುವ ಎಕ್ಸಿಟ್ ಕೋಡ್ ಸೊನ್ನೆ (ತೊಂದರೆಯಿಲ್ಲ) ಬಂದರೆ ಪಾಸ್!

ಇವತ್ತಿನ ಎಐ ಏಜೆಂಟ್‌ಗಳೂ ಹಲವು ಸಲ ಇದೇ ದಾರಿ ಹಿಡಿಯುತ್ತವೆ. ನಲ್ ಪಾಯಿಂಟರ್ ಎರರ್ (ಮೌಲ್ಯವೇ ಇಲ್ಲದ ಕಡೆ ಕೈಹಾಕಿದಾಗ ಬರುವ ದೋಷ) ಬಂದರೆ ಆ ಸಾಲಿಗೊಂದು ನಲ್ ಚೆಕ್ ಸುತ್ತುತ್ತವೆ. ಮೌಲ್ಯ ನಲ್ ಆದದ್ದು ಯಾಕೆ, ಎಲ್ಲಿ ಎಂದು ಹಿಂದಕ್ಕೆ ಹೋಗಿ ನೋಡುವುದಿಲ್ಲ. ಎಕ್ಸೆಪ್ಷನ್ (ಪ್ರೋಗ್ರಾಂ ಓಡುವಾಗ ಏಳುವ ದೋಷ) ಹಿಡಿದು ನುಂಗಿಬಿಡುವುದು, ಟೆಸ್ಟನ್ನೇ ತಿದ್ದುವುದು ಕೂಡ ಉಂಟು. ಹಾಗಾಗಿ ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ಟೆಸ್ಟ್‌ಗಳನ್ನು ತಾನೇ ಓಡಿಸುವ ವ್ಯವಸ್ಥೆ) ಮೊದಲೇ ಬೇಲಿ ಹಾಕಿ: ಟೂಲಿಗೆ ಟೆಸ್ಟ್ ಫೋಲ್ಡರ್‌ಗೆ ಬರೆಯುವ ಅನುಮತಿ ಬೇಡ. ಸಾಲು ಅಳಿಸುವ, ದೋಷ ನುಂಗುವ ಖಾಲಿ ಕ್ಯಾಚ್ ಸೇರಿಸುವ ಪ್ಯಾಚ್‌ಗಳು ಬೇರೆ ಸರದಿಗೆ ಹೋಗಲಿ. ರಿಪೇರಿ ಶುರುಮಾಡುವ ಮುನ್ನ, ಫೇಲಾದ ಟೆಸ್ಟನ್ನು ಕೋಡ್ ಮುಟ್ಟದೆ ಹತ್ತು ಸಲ ಓಡಿಸಿ. ಒಮ್ಮೆ ಪಾಸ್ ಒಮ್ಮೆ ಫೇಲ್ ಆಗುತ್ತಿದ್ದರೆ ಕೋಡಿನಲ್ಲಿ ಇರದೇ ಇರುವ ಬಗ್ಗಿಗೆ ಟೂಲ್ ಮದ್ದು ಹುಡುಕುತ್ತಿರಬಹುದು.

ತಪ್ಪು ಯಾವ ಸಾಲಿನಲ್ಲಿದೆ ಎಂದು ಊಹಿಸಲು ಹಲವು ಟೂಲ್‌ಗಳು ಓಚಿಯಾಯ್ ಸೂತ್ರ ಬಳಸುತ್ತವೆ. ಫೇಲಾದ ಟೆಸ್ಟ್ ಒಂದೇ ಇದ್ದು, ಒಂದು ಸಾಲನ್ನು ಅದೊಂದೇ ಮುಟ್ಟಿದ್ದರೆ (ಓಡಿಸಿದ್ದರೆ) ಆ ಸಾಲಿನ ಅನುಮಾನದ ಅಂಕ 1. ಪಾಸಾದ 3 ಟೆಸ್ಟ್‌ಗಳೂ ಅದನ್ನು ಮುಟ್ಟಿದ್ದರೆ 0.5, 99 ಮುಟ್ಟಿದ್ದರೆ 0.1. ಇಡೀ ಅಪ್ಲಿಕೇಶನ್ ಎಬ್ಬಿಸುವ ದೊಡ್ಡ ಟೆಸ್ಟ್ ಫೇಲಾದಾಗ ಅದು ಮಾತ್ರ ಮುಟ್ಟುವ ಸಾಲುಗಳು ನೂರಾರು. ಎಲ್ಲಕ್ಕೂ ಅದೇ ಅಂಕ. ಬಗ್ಗನ್ನು ತೋರಿಸುವ ಒಂದು ಸಣ್ಣ ಯುನಿಟ್ ಟೆಸ್ಟ್ (ಕೋಡಿನ ಒಂದು ತುಣುಕನ್ನಷ್ಟೇ ನೋಡುವ ಟೆಸ್ಟ್) ಕೈಯಾರೆ ಬರೆದುಕೊಟ್ಟರೆ ಸಿಗುವ ಲಾಭ, ದುಬಾರಿ ಮಾಡೆಲ್‌ಗೆ ಬದಲಾಯಿಸಿದರೆ ಹಲವು ಸಲ ಸಿಗುವುದಿಲ್ಲ.

ಸಲಹೆ ಯಾವಾಗ ಕಣ್ಣಿಗೆ ಬೀಳುತ್ತದೆ ಎಂಬುದೂ ಅಷ್ಟೇ ಮುಖ್ಯ. ಫೇಸ್‌ಬುಕ್ಕಿನಲ್ಲಿ, ಕೋಡ್ ಓಡಿಸದೆಯೇ ತಪ್ಪು ಹುಡುಕುವ ಇನ್ಫರ್ ಎಂಬ ಅನಲೈಸರ್ ರಾತ್ರಿಯಿಡೀ ಓಡಿ ಪಟ್ಟಿ ಕೊಟ್ಟಾಗ ಸರಿಪಡಿಸಿದವರು ಇಲ್ಲವೆನ್ನುವಷ್ಟು ಕಡಿಮೆ. ಅದೇ ಎಚ್ಚರಿಕೆಗಳನ್ನು ಕೋಡ್ ರಿವ್ಯೂ ಹೊತ್ತಿಗೆ, ಬದಲಾದ ಸಾಲಿನ ಪಕ್ಕದಲ್ಲೇ ತೋರಿಸಿದಾಗ ಸರಿಪಡಿಸಿದ ಪ್ರಮಾಣ 70% ದಾಟಿತು. ರಿಪೇರಿ ಟೂಲನ್ನೂ ಪುಲ್ ರಿಕ್ವೆಸ್ಟಿನೊಳಗೇ (ಬದಲಾವಣೆಯನ್ನು ಓದಿ ಒಪ್ಪಿಕೊಳ್ಳಿ ಎಂಬ ಕೋರಿಕೆ) ಕೂರಿಸಿ. ಒಂದು ಪ್ಯಾಚಿಗೆ ಒಂದೇ ಬಗ್, ಜೊತೆಗೆ ಫೇಲಾದ ಟೆಸ್ಟಿನ ಹೆಸರು. ಫಾರ್ಮ್ಯಾಟಿಂಗ್ ಬದಲಾವಣೆ ಬೆರೆಸಲೇಬೇಡಿ, ಓದುವವರು ಅಲ್ಲೇ ಕೈಬಿಡುತ್ತಾರೆ.

ತಾನಾಗಿಯೇ ಒಳಸೇರಬಹುದಾದದ್ದನ್ನೂ ಮನುಷ್ಯರು ಒಪ್ಪಬೇಕಾದದ್ದನ್ನೂ ಬೇರ್ಪಡಿಸುವುದರಲ್ಲಿ ರಸ್ಟ್ ಪ್ರೋಗ್ರಾಮಿಂಗ್ ಭಾಷೆ ಒಳ್ಳೆಯ ಮಾದರಿ. ಅದರ ಕಂಪೈಲರ್ ಮತ್ತು ಕ್ಲಿಪ್ಪಿ ಎಂಬ ಕೋಡ್ ತಪಾಸಣೆ ಟೂಲ್ ಪ್ರತಿ ಸಲಹೆಗೂ ಎಷ್ಟು ಖಾತ್ರಿ ಎಂಬ ಗುರುತು ಹಚ್ಚುತ್ತವೆ. ಸಲಹೆಗಳನ್ನು ಕೋಡಿಗೆ ಹಾಕುವ ಕಾರ್ಗೋ ಫಿಕ್ಸ್ ಕಮಾಂಡ್ ಸಾಮಾನ್ಯವಾಗಿ ಯಂತ್ರಕ್ಕೆ ಬಿಡಬಹುದಾದ ಗುರುತಿನವನ್ನಷ್ಟೇ ಹಾಕುತ್ತದೆ. ಜಾವಾಸ್ಕ್ರಿಪ್ಟ್ ಕೋಡ್ ತಪಾಸಿಸುವ ಈಎಸ್‌ಲಿಂಟ್‌ನಲ್ಲೂ ತಾನೇ ಹಾಕುವ ಫಿಕ್ಸ್ ಬೇರೆ, ಮನುಷ್ಯರು ಒಪ್ಪಬೇಕಾದ ಸಜೆಶನ್ ಬೇರೆ.

ಟೂಲನ್ನು ಅಳೆಯುವಾಗ ಮರ್ಜ್ ಆದ (ಮೂಲ ಕೋಡಿಗೆ ಸೇರಿದ) ಪ್ಯಾಚ್‌ಗಳನ್ನು ಎಣಿಸಿ ಸುಮ್ಮನಾಗದೆ, ಒಂದು ತಿಂಗಳೊಳಗೆ ರಿವರ್ಟ್ ಆದವನ್ನೂ (ಹಿಂದೆಗೆದವನ್ನೂ) ಕೈಯಿಂದ ತಿದ್ದಿ ಮರ್ಜ್ ಮಾಡಿದವನ್ನೂ ಬೇರೆಯಾಗಿ ಬರೆದಿಡಿ. ಗೂಗಲ್‌ನ ಕೋಡ್ ತಪಾಸಣೆ ವ್ಯವಸ್ಥೆಯಾದ ಟ್ರೈಕಾರ್ಡರ್‌ನಲ್ಲಿ ಪ್ರತಿ ಎಚ್ಚರಿಕೆಯ ಜೊತೆಗೂ ಇದು ಉಪಯೋಗಕ್ಕಿಲ್ಲ ಎನ್ನುವ ಬಟನ್ ಇತ್ತು. ಅದನ್ನು ಒತ್ತುವವರು 10% ದಾಟಿದರೆ ಆ ಚೆಕ್ ಬರೆದವರು ಸರಿಪಡಿಸಬೇಕಿತ್ತು, ಇಲ್ಲವಾದರೆ ಅದು ಬಂದ್ ಆಗುತ್ತಿತ್ತು. ಅಂಥ ಬಟನ್ ನಿಮ್ಮ ರಿಪೇರಿ ಬಾಟ್‌ಗೂ ಮೊದಲ ದಿನದಿಂದಲೇ ಇರಲಿ.